ಅತಿಥಿಯ ಪ್ರಶ್ನೆಗಳೇ ಪಾಠವಾದಾಗ: ಒಂಬತ್ತನೇ ತರಗತಿಯಲ್ಲಿ ಪ್ರವಾಸ ಕಥನ

ಪೀಠಿಕೆ

ಪ್ರವಾಸ ಕಥನ ಕಲಿಸುವಾಗ ನಾವು ಸಾಮಾನ್ಯವಾಗಿ ದೂರದ ಊರುಗಳನ್ನೇ ಆರಿಸಿಕೊಳ್ಳುತ್ತೇವೆ. ಹಾಗಾಗಿ ನೋಡತಕ್ಕದ್ದೆಲ್ಲ ಬೇರೆಲ್ಲೋ ಇದೆ, ನಮ್ಮೂರಿನಲ್ಲಿ ಏನೂ ಇಲ್ಲ ಎಂಬ ಭಾವನೆ ಮಕ್ಕಳಲ್ಲಿ ಗಟ್ಟಿಯಾಗುತ್ತದೆ. ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಎಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಮಾರ್ಗದರ್ಶಿ ತತ್ವ. ಇದನ್ನು ಪರೀಕ್ಷೆಗೆಂದು ಎಲ್ಲರೂ ಓದುತ್ತೇವೆ. ಆದರೆ 40 ನಿಮಿಷದ ಒಂದು ಅವಧಿಯಲ್ಲಿ ಅದನ್ನು ಮಾಡುವುದು ಹೇಗೆ? ಕೋಲಾರದ ಸಮೀಪದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕಳೆದ ಬೋಧನಾಭ್ಯಾಸದ ವೇಳೆ ನಾನು ನಡೆಸಿದ ಮೂರು ಅವಧಿಗಳ ಪಾಠವನ್ನು ಇಲ್ಲಿ ವಿವರಿಸುತ್ತೇನೆ. ಆ ಶಾಲೆಗೆ ಹತ್ತಿರದ ವಿದ್ಯಾರ್ಥಿನಿಲಯದ ಮಕ್ಕಳೂ ಬರುತ್ತಾರೆ. ಹೀಗಾಗಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ತಾಲ್ಲೂಕುಗಳ ಮಕ್ಕಳು ಒಂದೇ ತರಗತಿಯಲ್ಲಿದ್ದರು.

ಸಾಮಗ್ರಿ ದೊರೆತ ಬಗೆ

ಬೆಂಗಳೂರಿನಲ್ಲಿರುವ ನನ್ನ ಅಕ್ಕ ಮತ್ತು ಭಾವನ ಮನೆಯಲ್ಲಿ ಜರ್ಮನಿಯ ಒಬ್ಬ ವಿನಿಮಯ ವಿದ್ಯಾರ್ಥಿನಿ ಒಂದು ಶೈಕ್ಷಣಿಕ ವರ್ಷ ಉಳಿದಿದ್ದಳು. ಇಂಥ ವಿನಿಮಯ ಹೊಸದೇನಲ್ಲ. ಯುದ್ಧಭೂಮಿಯಲ್ಲಿ ಅಂಬ್ಯುಲೆನ್ಸ್ ಓಡಿಸುವ ಸ್ವಯಂಸೇವಕರ ಸಂಸ್ಥೆಯಾಗಿದ್ದ ಎ.ಎಫ್.ಎಸ್. 1947ರಲ್ಲೇ ಪ್ರೌಢಶಾಲಾ ವಿದ್ಯಾರ್ಥಿಗಳ ವಿನಿಮಯವನ್ನು ಆರಂಭಿಸಿತು. ಅತಿಥಿ ವಿದ್ಯಾರ್ಥಿ ಹೋಟೆಲಿನಲ್ಲಿ ಇಳಿಯದೆ ಒಂದು ಮನೆಯವರಲ್ಲಿ ಒಬ್ಬರಾಗಿ ಇರುವುದೇ ಇದರ ತಿರುಳು.

2025ರ ಯುಗಾದಿ ಮಾರ್ಚ್ 30ರಂದು, ರಂಜಾನ್ ಹಬ್ಬ ಮರುದಿನವೇ ಬಂದವು. ಬೇವು ಬೆಲ್ಲ ತಿಂದ ಮಾರನೆಯ ದಿನ ಪಕ್ಕದ ಮನೆಯಿಂದ ಸೇಮಿಯಾ ಪಾಯಸವೂ ಬಂತು. ಪರೀಕ್ಷೆ ಮುಗಿದು ಹೊಸ ತರಗತಿ ಶುರುವಾಗುವ ಮುಂಚಿನ ಆ ವಸಂತದ ರಜೆಯಲ್ಲಿ ಅಕ್ಕನ ಮನೆಯವರೆಲ್ಲ ಕೋಲಾರದ ನಮ್ಮ ಮನೆಗೆ ಬಂದರು. ನಾಲ್ಕು ದಿನ ನಾಲ್ಕು ತಾಲ್ಲೂಕು ಸುತ್ತಿದೆವು. ಮೊದಲ ದಿನ ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಾಲಯ, ಅಂತರಗಂಗೆ. ಎರಡನೆಯ ದಿನ ಮುಳಬಾಗಿಲಿನ ಆಂಜನೇಯ ದೇವಾಲಯ, ಕುರುಡುಮಲೆಯ ಗಣಪ, ಆವನಿಯ ರಾಮಲಿಂಗೇಶ್ವರ ಗುಡಿಗಳು. ನಡುವೆ ಮುಳಬಾಗಿಲು ದೋಸೆ. ಮೂರನೆಯ ದಿನ ಶ್ರೀನಿವಾಸಪುರದ ಮಾವಿನ ತೋಪುಗಳು. ನಾಲ್ಕನೆಯ ದಿನ ಮಾಲೂರು ತಾಲ್ಲೂಕಿನ ಚಿಕ್ಕ ತಿರುಪತಿ, ಮಾಸ್ತಿ ಗ್ರಾಮ.

ಹುಡುಗಿಯ ಕೈಯಲ್ಲಿ ಸದಾ ಒಂದು ಸಣ್ಣ ಪುಸ್ತಕ ಇರುತ್ತಿತ್ತು. ನೋಡಿದ್ದನ್ನು ವರ್ಣಿಸುವ ಬದಲು ಅವಳು ಬರೀ ಪ್ರಶ್ನೆಗಳನ್ನು ಬರೆದಿಟ್ಟಿದ್ದಳು. ಹೊರಡುವ ಮುನ್ನ ಅವಳ ಮತ್ತು ಅಕ್ಕನ ಒಪ್ಪಿಗೆ ಪಡೆದು ಕೆಲವು ಪ್ರಶ್ನೆಗಳನ್ನು ಕನ್ನಡಕ್ಕೆ ಇಳಿಸಿಕೊಂಡೆ. ಅವಳ ಹೆಸರನ್ನೂ ಭಾವಚಿತ್ರವನ್ನೂ ತರಗತಿಗೆ ಒಯ್ಯಲಿಲ್ಲ. ಮಕ್ಕಳ ಮಟ್ಟಿಗೆ ಅವಳು ‘ನಮ್ಮ ಅತಿಥಿ’ ಅಷ್ಟೆ.

ಕಲಿಕಾ ಉದ್ದೇಶಗಳು

1. ಪರಿಚಯ ಪುಸ್ತಕದ ವಿವರಣೆಗೂ ಪ್ರವಾಸಿಯ ಬರಹಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವರು.
2. ಏಕೆ, ಹೇಗೆ ಎಂಬ ಪ್ರಶ್ನೆಗಳಿಗೆ ಕಾರಣ ಸಹಿತ ವಾಕ್ಯಗಳಲ್ಲಿ ಉತ್ತರಿಸುವರು.
3. ತಮ್ಮ ಮನೆಯ ಮತ್ತು ಕಸುಬಿನ ತಿಳಿವಳಿಕೆಯನ್ನು ಓದುಗನಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಬರೆಯುವರು.

ಮೊದಲ ಅವಧಿ: ತೊಡಗಿಸಿಕೊಳ್ಳುವಿಕೆ

‘ಹೊರದೇಶದ ನಿಮ್ಮ ವಯಸ್ಸಿನ ಹುಡುಗಿಯೊಬ್ಬಳು ನಿಮ್ಮ ಮನೆಗೆ ಬಂದರೆ ಏನು ತೋರಿಸುತ್ತೀರಿ?’ ಎಂದು ಕೇಳಿ ಪಟ್ಟಿ ಮಾಡಲು ಹೇಳಿದೆ. ಬಹುಪಾಲು ಪಟ್ಟಿಗಳು ಒಂದೇ ಬಗೆಯವು: ಕೋಟಿಲಿಂಗೇಶ್ವರ, ಅಂತರಗಂಗೆ, ಕುರುಡುಮಲೆ, ಚಿನ್ನದ ಗಣಿ. ಗಣಿ 2001ರಲ್ಲೇ ಮುಚ್ಚಿದೆ ಎಂದು ಒಬ್ಬಳು ನೆನಪಿಸಿದಾಗ ಸಿನಿಮಾ ನೋಡಿದ್ದವರು ನಕ್ಕರು. ‘ನಮ್ಮೂರಲ್ಲಿ ತೋರ್ಸಕ್ಕೆ ಏನೂ ಇಲ್ಲ ಮಿಸ್, ಬರೀ ತೋಟ’ ಎಂದು ಹಿಂದಿನ ಬೆಂಚಿನ ಒಬ್ಬ ಹುಡುಗ ಖಾಲಿ ಹಾಳೆಯನ್ನೇ ಕೊಟ್ಟ. ಅವನು ಶ್ರೀನಿವಾಸಪುರದ ಕಡೆಯವನು. ಮನೆಯಲ್ಲಿ ತೆಲುಗು ಮಾತು. ಕನ್ನಡದ ಅವಧಿಯಲ್ಲಿ ಬಾಯಿ ತೆರೆಯುವುದು ಅಪರೂಪ ಎಂದು ಮಾರ್ಗದರ್ಶಕ ಶಿಕ್ಷಕರು ಮೊದಲೇ ಹೇಳಿದ್ದರು.

ಪಟ್ಟಿಗಳನ್ನು ಬದಿಗಿಟ್ಟು ಅತಿಥಿಯ ಪ್ರಶ್ನೆಗಳ ಚಾರ್ಟನ್ನು ಗೋಡೆಗೆ ತೂಗುಹಾಕಿದೆ.

• ಕೋಲಾರಮ್ಮನ ಗುಡಿಯ ಗೋಡೆಯ ಮೇಲೆ ತಮಿಳು ಬರಹ ಏಕೆ ಇದೆ?
• ಸುತ್ತಲೂ ಒಣಗಿರುವಾಗ ನರಸಾಪುರದ ಕಡೆಯ ಕೆರೆಯಲ್ಲಿ ಮಾತ್ರ ಇಷ್ಟು ನೀರು ಎಲ್ಲಿಂದ ಬಂತು?
• ಮುಳಬಾಗಿಲಿನಲ್ಲಿ ಬಾಗಿಲು ಎಲ್ಲಿದೆ?
• ಅಂಗಡಿಯವರು ಒಂದು ಮಾತನ್ನು ಒಂದು ಭಾಷೆಯಲ್ಲಿ ಆರಂಭಿಸಿ ಇನ್ನೊಂದರಲ್ಲಿ ಮುಗಿಸುತ್ತಾರೆ. ಅದು ಅವರ ಗಮನಕ್ಕೆ ಬರುತ್ತದೆಯೇ?
• ತೋಟದ ಯಜಮಾನರು ಮರದ ಕಾಯಿ ತಮ್ಮದಲ್ಲ ಎಂದರು. ಹಾಗಾದರೆ ಯಾರದು?
• ಎಲ್ಲರೂ ‘ಊಟ ಆಯ್ತಾ’ ಎಂದು ಕೇಳುತ್ತಾರೆ. ಆಗಿಲ್ಲ ಎಂದರೆ ಏನು ಮಾಡುತ್ತಾರೆ?

ತರಗತಿಯಲ್ಲಿ ಗದ್ದಲವೆದ್ದಿತು. ತಮಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಬೇರೆಯವರು ಕೇಳಿದ್ದಾರೆ ಎಂಬುದೇ ಮಕ್ಕಳಿಗೆ ಹೊಸದು. ಕೊನೆಯ ಪ್ರಶ್ನೆಗಂತೂ ಏಳೆಂಟು ಕೈ ಮೇಲೆದ್ದವು. ‘ಆಗಿಲ್ಲ ಅಂದ್ರೆ ತಟ್ಟೆ ಹಾಕ್ತಾರೆ ಮಿಸ್’ ಎಂಬ ಉತ್ತರಕ್ಕೆ ಎಲ್ಲರ ಒಪ್ಪಿಗೆ ಸಿಕ್ಕಿತು.

ಎರಡನೆಯ ಅವಧಿ: ಅನ್ವೇಷಣೆ ಮತ್ತು ವಿವರಣೆ

ತಾಲ್ಲೂಕುವಾರು ಗುಂಪು ಮಾಡಿ ಪ್ರಶ್ನೆಗಳನ್ನು ಹಂಚಿದೆ. ಉತ್ತರಗಳಿಗೆ ಮನೆಯ ಹಿರಿಯರು, ಶಾಲೆಯ ಗ್ರಂಥಾಲಯ, ನಾನು ಒದಗಿಸಿದ ಟಿಪ್ಪಣಿ ಹೀಗೆ ಮೂರು ಮೂಲಗಳಿದ್ದವು.

ಕೋಲಾರದ ಗುಂಪಿಗೆ ಸಮಾಜ ವಿಜ್ಞಾನದ ಪಾಠ ಕೈಹಿಡಿಯಿತು. ಕುವಲಾಲ ಎಂದು ಹೆಸರಾಗಿದ್ದ ಈ ಊರು ಗಂಗರ ರಾಜಧಾನಿಯಾಗಿತ್ತು. 11ನೇ ಶತಮಾನದಲ್ಲಿ ಚೋಳರ ಆಳ್ವಿಕೆಗೆ ಒಳಪಟ್ಟಿತು. ಕೋಲಾರಮ್ಮನ ಗುಡಿಯ ತಮಿಳು ಶಾಸನಗಳು ಆ ಕಾಲದವು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಈ ಜಿಲ್ಲೆಯ ಶಾಸನಗಳಿಗೇ ಮೀಸಲು. ಗೋಡೆಯ ಬರಹಕ್ಕೂ ಸಂತೆಯ ಮಾತಿಗೂ ಸಂಬಂಧವಿದೆ ಎಂದು ಗುಂಪಿನ ಒಬ್ಬ ಹುಡುಗಿ ತಾನಾಗಿಯೇ ಹೇಳಿದಳು: ‘ಗಡಿಯಲ್ಲಿರೋ ಊರಿಗೆ ಒಂದೇ ಭಾಷೆ ಇರಲ್ಲ.’

ಕೆರೆಯ ಪ್ರಶ್ನೆಗೆ ಉತ್ತರ ದೊಡ್ಡವರಿಂದ ಬಂತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಶುರುವಾಯಿತು. ನೀರು ಮೊದಲು ಬಂದದ್ದು ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ. ಕೊಳವೆಬಾವಿಗೆ ನೀರು ಬಂತು ಎಂದು ಒಬ್ಬನ ಅಪ್ಪ ಹೇಳಿದ್ದರು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಇನ್ನೊಬ್ಬಳ ತಾತ ಹೇಳಿದ್ದರು. ಎರಡು ಮಾತನ್ನೂ ಬರೆಯಿರಿ, ಯಾರು ಹೇಳಿದ್ದು ಎಂಬುದನ್ನೂ ಬರೆಯಿರಿ ಎಂದು ಸೂಚಿಸಿದೆ. ಪ್ರವಾಸ ಕಥನದಲ್ಲಿ ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂಬ ಅಂಶವನ್ನು ಪ್ರತ್ಯೇಕವಾಗಿ ಬೋಧಿಸುವ ಅಗತ್ಯ ಬೀಳಲಿಲ್ಲ.

ಮುಳಬಾಗಿಲಿನ ಗುಂಪು ‘ಮೂಡಲ ಬಾಗಿಲು’ ಎಂಬ ಹೆಸರನ್ನು ಬಿಡಿಸಿಟ್ಟಿತು: ಬಾಗಿಲೆಂದರೆ ಮರದ ಕದವಲ್ಲ, ನಾಡಿನ ಪೂರ್ವ ದಿಕ್ಕಿನ ಹೆಬ್ಬಾಗಿಲು. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಅಲ್ಲೇ ಎಂದೂ ಸೇರಿಸಿತು. ‘ನಮ್ಮಲ್ಲೂ ಮಾಸ್ತಿ ಇದ್ದಾರೆ’ ಎಂದು ಮಾಲೂರಿನವರು ತಕ್ಷಣ ಪೈಪೋಟಿಗೆ ಇಳಿದರು.

ಮಾವಿನ ಪ್ರಶ್ನೆಗೆ ಗುಂಪಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಖಾಲಿ ಹಾಳೆ ಕೊಟ್ಟಿದ್ದ ಹುಡುಗ ಕುಳಿತಲ್ಲೇ ಹೇಳಿದ: ‘ಪೂತ ನೋಡಿ ಬೇರ ಮಾಡ್ತಾರೆ ಮಿಸ್.’ ಕೆಲವರು ನಕ್ಕರು. ‘ಪೂತ ಅಂದರೇನು?’ ಎಂದು ಅವನನ್ನೇ ಕೇಳಿ ಕಪ್ಪು ಹಲಗೆಯ ಮೇಲೆ ಆ ಪದವನ್ನು ಬರೆದೆ. ಮರ ಹೂ ಬಿಟ್ಟಾಗಲೇ ಹೂವಿನ ಪ್ರಮಾಣ ನೋಡಿ ವ್ಯಾಪಾರಿ ತೋಟವನ್ನು ಗುತ್ತಿಗೆಗೆ ಹಿಡಿಯುತ್ತಾನೆ. ಆಮೇಲೆ ಔಷಧಿ ಹೊಡೆಯುವುದು, ಕಾವಲು, ಕಾಯಿ ಕೀಳುವುದು, ಲಾಭ ನಷ್ಟ ಎಲ್ಲವೂ ಅವನದು. ಜಿಗಿಹುಳು ಬಿದ್ದರೂ ಆಲಿಕಲ್ಲು ಮಳೆ ಬಂದರೂ ಕೊಟ್ಟ ಹಣ ವಾಪಸು ಬರುವುದಿಲ್ಲ. ಅವನ ತಂದೆ ಹೀಗೆ ತೋಟ ಹಿಡಿಯುವವರು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರಗಿನ ತೋತಾಪುರಿಯನ್ನು ತಡೆದಾಗ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಕಾಯಿ ಸಾಗಿಸುವುದು ನಿಂತಿತ್ತು. ಆ ದಿನಗಳ ಮನೆಯ ಮಾತನ್ನೂ ಅವನು ಹೇಳಿದ. ಬಾದಾಮಿ, ಬೇನಿಷಾ, ಮಲ್ಲಿಕಾ, ನೀಲಂಗಳಲ್ಲಿ ಯಾವುದು ಮೊದಲು ಯಾವುದು ಕೊನೆಗೆ ಎಂಬ ವಿವರ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ‘ಪೂತ’ ಮತ್ತು ‘ಹೂವು’ ಎರಡೂ ಪದಗಳು ಹಲಗೆಯ ಮೇಲೆ ಅಕ್ಕಪಕ್ಕದಲ್ಲಿದ್ದವು. ಮಕ್ಕಳು ಎರಡನ್ನೂ ಬರೆದುಕೊಂಡರು.

ಚಾರ್ಟಿನಲ್ಲಿ ಬರೆಯದ ಪ್ರಶ್ನೆ

ಅತಿಥಿಯ ಪುಸ್ತಕದಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಮಾಲೂರಿನ ಕಡೆ ಇಟ್ಟಿಗೆ ಗೂಡುಗಳ ಪಕ್ಕ ಹಾದುಹೋಗುವಾಗ ಬರೆದದ್ದು: ‘ಇಟ್ಟಿಗೆ ಮಾಡುವವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ?’

ಆ ಮಕ್ಕಳಲ್ಲಿ ಒಬ್ಬಳು ನನ್ನ ತರಗತಿಯಲ್ಲೇ ಇದ್ದಳು. ಪಾಠ ಯೋಜನೆ ತೋರಿಸಿದಾಗ ಮಾರ್ಗದರ್ಶಕ ಶಿಕ್ಷಕರು ಈ ಪ್ರಶ್ನೆ ಬೇಡ ಎಂದರು. ಎಲ್ಲರೂ ಅವಳ ಕಡೆ ತಿರುಗಿ ನೋಡಿದರೆ ಅವಳು ನಾಳೆ ಶಾಲೆಗೇ ಬರಲಿಕ್ಕಿಲ್ಲ ಎಂಬುದು ಅವರ ಆತಂಕ. ಅದು ನ್ಯಾಯವಾದ ಆತಂಕ. ಆದರೆ ಪ್ರಶ್ನೆಯನ್ನು ಕೈಬಿಟ್ಟರೆ ಗುಡಿ, ದೋಸೆ, ಮಾವು ಉಳಿದು, ಅವಳ ಬದುಕು ಮಾತ್ರ ನೋಡತಕ್ಕದ್ದಲ್ಲ ಎಂದು ನಾವೇ ಹೇಳಿದಂತಾಗುತ್ತದೆ. ಇಬ್ಬರೂ ಚರ್ಚಿಸಿ ಪ್ರಶ್ನೆಯ ಮುಖವನ್ನು ಬದಲಿಸಿದೆವು: ‘ಒಂದು ಇಟ್ಟಿಗೆ ನಮ್ಮ ಗೋಡೆ ಸೇರುವ ಮೊದಲು ಯಾವ ಯಾವ ಹಂತ ದಾಟುತ್ತದೆ?’ ಹಿಂದಿನ ದಿನ ಅವಳೊಬ್ಬಳನ್ನೇ ಕರೆದು, ಮಾಲೂರಿನ ಗುಂಪಿಗೆ ಈ ಪ್ರಶ್ನೆ ಕೊಡಲೇ ಎಂದು ಕೇಳಿದೆ. ಬೇಡವೆಂದರೆ ಕೊಡುವುದಿಲ್ಲ ಎಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಚಿತ್ರ ಬರೀತೀನಿ ಮಿಸ್’ ಎಂದಳು.

ಮೂರನೆಯ ಅವಧಿ: ವಿಸ್ತರಣೆ

ಅವಳು ತಂದ ಚಿತ್ರದಲ್ಲಿ ಎಂಟು ಚೌಕಗಳಿದ್ದವು: ಮಣ್ಣು ತರುವುದು, ನೆನೆಸುವುದು, ತುಳಿದು ಹದ ಮಾಡುವುದು, ಅಚ್ಚಿಗೆ ತುಂಬುವುದು, ಬಿಸಿಲಿಗೆ ಹಾಕುವುದು, ಮಗ್ಗುಲು ಬದಲಿಸುವುದು, ಗೂಡು ಜೋಡಿಸುವುದು, ಸುಡುವುದು. ಅಚ್ಚಿಗೆ ಮೊದಲು ಮರಳು ಉದುರಿಸಬೇಕು, ಇಲ್ಲದಿದ್ದರೆ ಮಣ್ಣು ಅಂಟಿಕೊಳ್ಳುತ್ತದೆ ಎಂದು ಅವಳು ವಿವರಿಸಿದಾಗ ಮನೆ ಕಟ್ಟಿಸುತ್ತಿರುವ ಮನೆಯ ಹುಡುಗನೊಬ್ಬ ಎರಡು ಪ್ರಶ್ನೆ ಕೇಳಿದ. ಹಸಿ ಇಟ್ಟಿಗೆಯ ಮೇಲೆ ಮಳೆ ಬಂದರೆ ಏನಾಗುತ್ತದೆ ಎಂದು ಮತ್ತೊಬ್ಬಳು ಕೇಳಿದಳು. ‘ಮತ್ತೆ ಮಣ್ಣಾಗುತ್ತೆ. ಮಳೆಗಾಲದಲ್ಲಿ ಕೆಲ್ಸ ನಿಲ್ಲುತ್ತೆ, ಊರಿಗೆ ಹೋಗ್ತೀವಿ, ಶಾಲೆ ಬದಲಾಗುತ್ತೆ’ ಎಂದಳು. ಅತಿಥಿಯ ಮೂಲ ಪ್ರಶ್ನೆಯನ್ನು ಯಾರೂ ಓದಿರಲಿಲ್ಲ, ಉತ್ತರ ಬಂದಿತ್ತು.

ಅಲ್ಲಿಂದ ಮಾತು ಪೌರನೀತಿಗೆ ಹೊರಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಮಗುವಿಗೆ ಶಾಲೆ ಬದಲಿಸುವ ಹಕ್ಕನ್ನು ಕೊಡುತ್ತದೆ. ವರ್ಗಾವಣೆ ಪತ್ರ ತಡವಾಯಿತು ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಎಂಟನೇ ತರಗತಿಯವರೆಗಿನ ಈ ರಕ್ಷಣೆಯನ್ನು ಹಲಗೆಯ ಮೇಲೆ ಬರೆದಾಗ ಅವಳು ತಮ್ಮನಿಗಾಗಿ ಎಂದು ಬೇರೆ ಚೀಟಿಯಲ್ಲಿ ಬರೆದುಕೊಂಡಳು. ಅವನು ಆರನೇ ತರಗತಿ.

ಉಳಿದ ಹೊತ್ತಿನಲ್ಲಿ ಪ್ರತಿಯೊಬ್ಬರೂ ಅತಿಥಿಗೆ ಒಂದು ಪುಟದ ಪತ್ರ ಬರೆದರು. ನಿಯಮ ಎರಡೇ: ಅತಿಥಿಗೆ ಗೊತ್ತಿಲ್ಲದ ಪದ ಬಂದರೆ ವಿವರಿಸಬೇಕು; ‘ಸುಂದರವಾಗಿದೆ’, ‘ಪ್ರಸಿದ್ಧವಾಗಿದೆ’ ಎಂಬ ಮಾತು ಬಳಸಬಾರದು. ಆ ಎರಡು ಪದ ಬಿಟ್ಟೊಡನೆ ವಾಕ್ಯಗಳಲ್ಲಿ ಬಣ್ಣ, ಅಳತೆ, ಕೆಲಸ, ಕಾರಣಗಳು ಬಂದವು.

ಮೌಲ್ಯಮಾಪನ

ಪತ್ರಗಳನ್ನು ನಾಲ್ಕು ಅಂಶಗಳ ಮೇಲೆ ಅಳೆದೆ: ಕಾರಣ ಕೊಡುವಿಕೆ, ಮೂಲದ ಉಲ್ಲೇಖ, ಓದುಗನ ಗಮನ, ಭಾಷಾ ಶುದ್ಧಿ. ಭಾಷಾ ಶುದ್ಧಿಗೆ ಕಡಿಮೆ ಅಂಕವಿಟ್ಟದ್ದು ಉದ್ದೇಶಪೂರ್ವಕ. ಮಾವಿನ ತೋಟದ ಹುಡುಗನ ಪತ್ರದಲ್ಲಿ ಒತ್ತಕ್ಷರದ ತಪ್ಪುಗಳು ಬೇಕಾದಷ್ಟಿದ್ದವು. ಆದರೆ ಪೂರ್ತಿ ಒಂದು ಪುಟ ಅವನು ಕನ್ನಡದಲ್ಲಿ ಬರೆದದ್ದು ಆ ವರ್ಷ ಅದೇ ಮೊದಲು ಎಂದು ತರಗತಿ ಶಿಕ್ಷಕರು ದಾಖಲಿಸಿದರು. ತಪ್ಪುಗಳನ್ನು ಮುಂದಿನ ವಾರದ ವ್ಯಾಕರಣ ಅವಧಿಗೆ ತೆಗೆದಿರಿಸಿದೆ.

ಬೋಧನಾಭ್ಯಾಸಕ್ಕೆ ಹೊರಡುವವರಿಗೆ

ವಿದೇಶದ ಅತಿಥಿ ಇಲ್ಲದಿದ್ದರೂ ಈ ಪಾಠ ನಡೆಯುತ್ತದೆ. ನವೋದಯ ವಿದ್ಯಾಲಯಗಳ ಒಂಬತ್ತನೇ ತರಗತಿಯ ಕೆಲವು ಮಕ್ಕಳು ಒಂದು ವರ್ಷ ಬೇರೆ ಭಾಷೆಯ ರಾಜ್ಯದಲ್ಲಿ ಓದುತ್ತಾರೆ. ‘ಏಕ ಭಾರತ ಶ್ರೇಷ್ಠ ಭಾರತ’ ಯೋಜನೆಯಲ್ಲಿ ಕರ್ನಾಟಕಕ್ಕೆ ಜೋಡಿ ರಾಜ್ಯ ಉತ್ತರಾಖಂಡ. ಅಲ್ಲಿನ ಒಂದು ಶಾಲೆಯಿಂದ ಹತ್ತು ಪ್ರಶ್ನೆ ತರಿಸಿಕೊಂಡರೂ ಸಾಕು. ಅದೂ ಆಗದಿದ್ದರೆ ಪಕ್ಕದ ತಾಲ್ಲೂಕಿನ ಶಾಲೆಯೇ ಅತಿಥಿ.

ಗಮನದಲ್ಲಿಡಬೇಕಾದವು ಮೂರು. ಪ್ರಶ್ನೆಗಳು ನಿಜವಾದ ಹೊರಗಿನವರಿಂದ ಬರಲಿ. ಶಿಕ್ಷಕರು ಕಟ್ಟಿದ ಪ್ರಶ್ನೆಯನ್ನು ಮಕ್ಕಳು ಕ್ಷಣದಲ್ಲಿ ಗುರುತಿಸುತ್ತಾರೆ. ಮನೆಮಾತಿನ ಪದವನ್ನು ಹಲಗೆಯ ಮೇಲೆ ಬರೆಯಿರಿ, ಕನ್ನಡದ ಪದ ಅದರ ಪಕ್ಕದಲ್ಲಿ ಬರಲಿ. ಒಂದು ಮಗುವಿನ ಬದುಕನ್ನು ಮುಟ್ಟುವ ಪ್ರಶ್ನೆಯಾದರೆ ಆ ಮಗುವಿನ ಒಪ್ಪಿಗೆ ಮೊದಲು, ಪಾಠ ಆಮೇಲೆ. ಕೇಳುವುದು ಆ ಮಗು ಬಲ್ಲದ್ದನ್ನೇ ಹೊರತು ಅದರ ಕಷ್ಟವನ್ನಲ್ಲ.

ಪತ್ರಗಳನ್ನು ಅಕ್ಕನ ಮೂಲಕ ಕಳಿಸಿದ್ದೇವೆ. ಇಟ್ಟಿಗೆಯ ಚಿತ್ರದ ಮೂಲ ಪ್ರತಿ ಶಾಲೆಯ ಗೋಡೆಯ ಮೇಲೆ ಜಿಲ್ಲೆಯ ನಕ್ಷೆಯ ಪಕ್ಕದಲ್ಲಿದೆ; ಅತಿಥಿಗೆ ಹೋದದ್ದು ನಕಲು. ಹಾಗೆ ಆಗಲಿ ಎಂದದ್ದು ಅದನ್ನು ಬರೆದ ಹುಡುಗಿಯೇ.