ನಾಯಿ ಕಚ್ಚಿದಾಗ ಮೊದಲ ಕೆಲಸ

ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಖಾರದ ಪುಡಿ ಮೆತ್ತುವ ರೂಢಿ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಇದರಿಂದ ಗಾಯ ಕೆರಳುವುದೇ ಹೊರತು ಪ್ರಯೋಜನವಿಲ್ಲ. ಪಂಪ್‌ಸೆಟ್ಟಿನ ನೀರು ಬೀಳುತ್ತಿದ್ದರೆ ಅಲ್ಲಿಯೇ, ಬಟ್ಟೆ ಸೋಪಾದರೂ ಸರಿ, ಹಚ್ಚಿ 15 ನಿಮಿಷ ತೊಳೆಯಬೇಕು. ರೇಬೀಸ್ ವೈರಸ್ಸಿನ ಹೊರಪದರ ಕೊಬ್ಬಿನದು. ಸೋಪು ಅದನ್ನು ಒಡೆಯುತ್ತದೆ. ಗಾಯಕ್ಕೆ ಬಟ್ಟೆ ಕಟ್ಟದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹೊಕ್ಕುಳ ಸುತ್ತ 14 ಚುಚ್ಚುಮದ್ದು ಹಾಕುವ ಕಾಲ ಹೋಯಿತು. ಈಗ ತೋಳಿಗೆ, ಮೊದಲ ದಿನ ಮತ್ತು ಅಲ್ಲಿಂದ 3, 7, 28 ದಿನಗಳಿಗೆ ಹಾಕುತ್ತಾರೆ. ರಕ್ತ ಬಂದಿದ್ದರೆ ಗಾಯದೊಳಕ್ಕೆ ಇಮ್ಯುನೋಗ್ಲಾಬ್ಯುಲಿನ್ ಸಹ ಬೇಕು. ನಾಯಿ ಸಾಯುವುದೋ ನೋಡೋಣವೆಂದು ಕಾಯಬಾರದು. ರೋಗ ಕಾಣಿಸಿದ ಮೇಲೆ ಮದ್ದಿಲ್ಲ.

ದನಕ್ಕೆ ಕಚ್ಚಿದರೂ ಗಾಯ ತೊಳೆದು ಪಶುವೈದ್ಯರನ್ನು ಕರೆಸಬೇಕು. ಮುಂದೆ ಅದು ಜೊಲ್ಲು ಸುರಿಸಿದರೆ, ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕಬಾರದು.