ಹೂಮರವಾದ ಹೆಣ್ಣು: ಜನಪದ ಕಥೆಯಿಂದ 'ಚೆಲುವಿ'ಯವರೆಗೆ

ಜನಪದ ಕಥೆಯೊಂದು ಸಿನಿಮಾ ಆಗುವಾಗ ಮಾಧ್ಯಮವಷ್ಟೇ ಅಲ್ಲ, ಕಥೆಯನ್ನು ಯಾರು ಯಾರಿಗಾಗಿ ಹೇಳುತ್ತಾರೆ ಎಂಬ ಸಂಬಂಧವೂ ಬದಲಾಗುತ್ತದೆ. ಗಿರೀಶ ಕಾರ್ನಾಡರು ನಿರ್ದೇಶಿಸಿದ 'ಚೆಲುವಿ' (1992) ಇದಕ್ಕೆ ನಿದರ್ಶನ. ಕನ್ನಡದ ಹೆಂಗಸರು ಹೇಳುತ್ತ ಬಂದ ಕಥೆ ಇಲ್ಲಿ ಹಿಂದಿಯಲ್ಲಿದೆ. ಹೆಸರು ಮಾತ್ರ ಕನ್ನಡದ್ದು. ಭಾಷೆಯ ಕಾರಣಕ್ಕೆ ಈ ಚಿತ್ರ ಕನ್ನಡ ಅಧ್ಯಯನದ ಹೊರಗುಳಿಯಬೇಕೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಈ ಕಥೆಯ ಹಲವು ಪಾಠಗಳನ್ನು ಎ. ಕೆ. ರಾಮಾನುಜನ್ ಸಂಗ್ರಹಿಸಿದ್ದರು. ಅವರ ನಿಧನಾನಂತರ 1997ರಲ್ಲಿ ಪ್ರಕಟವಾದ ಇಂಗ್ಲಿಷ್ ಸಂಕಲನಕ್ಕೆ ಈ ಕಥೆಯದೇ ಹೆಸರಿದೆ. ಬಡ ತಾಯಿಯ ಕಿರಿಮಗಳು ತನ್ನ ಮೇಲೆ ಉಗುರು ಸೋಕದ ಒಂದು ಕೊಡ ನೀರನ್ನು ಅಕ್ಕನಿಂದ ಸುರಿಸಿಕೊಂಡು ಹೂಮರವಾಗುತ್ತಾಳೆ. ಅಕ್ಕ ಚಿಗುರು ನೋಯದಂತೆ ಹೂ ಬಿಡಿಸಿ ಇನ್ನೊಂದು ಕೊಡ ಸುರಿದಾಗ ಮತ್ತೆ ಹೆಣ್ಣಾಗುತ್ತಾಳೆ. ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ಮುಂದೆ ನಾದಿನಿ ಮತ್ತು ಗೆಳತಿಯರು ಕೊಂಬೆ ಮುರಿದು, ನೀರನ್ನು ಹೇಗೆಂದರೆ ಹಾಗೆ ಎರಚಿ ಹೋಗುತ್ತಾರೆ. ಕೈಕಾಲಿಲ್ಲದ ದೇಹವೊಂದು ಉಳಿಯುತ್ತದೆ.

ಇಲ್ಲಿ ಗಮನಿಸಬೇಕಾದುದು ನೀರನ್ನಲ್ಲ, ನೀರೆರೆವ ಕೈಯನ್ನು. ಮರವಾದವಳು ಮಾತನಾಡಲಾರಳು, ಓಡಲಾರಳು. ಮರಳಿ ಹೆಣ್ಣಾಗಲು ಮತ್ತೊಬ್ಬರ ಎಚ್ಚರವನ್ನೇ ನಂಬಬೇಕು. ಅಕ್ಕನಲ್ಲಿದ್ದ ಆ ಎಚ್ಚರ ಗಂಡನ ಮನೆಯಲ್ಲಿಲ್ಲ. ನಸುಕಿನಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುವ ಶಂಕರಪುರದ ಹೆಂಗಸರಿಗೆ ಈ ಷರತ್ತಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಝೆಕ್ ನಿರ್ದೇಶಕ ವಾಕ್ಲಾವ್ ವೊರ್ಲಿಚೆಕ್ 1973ರಲ್ಲಿ ತೆರೆಗೆ ತಂದ ಸಿಂಡರೆಲ್ಲಾ ಕಥೆಯಲ್ಲಿ ನಾಯಕಿ ಕುದುರೆ ಸವಾರಿ ಮಾಡುವ, ಗುರಿಯಿಟ್ಟು ಬಿಲ್ಲು ಹೂಡುವ ದಿಟ್ಟೆ. ಆದರೂ ಆ ಕಥೆ ರಾಜಕುಮಾರ ದೊರೆಯುವಲ್ಲಿಗೆ ಮುಗಿಯುತ್ತದೆ. ನಮ್ಮ ಕಥೆಯಲ್ಲಿ ಮದುವೆ ನಡುವಿನ ಘಟ್ಟ. ಅಪಾಯ ಆರಂಭವಾಗುವುದೇ ಅಲ್ಲಿಂದ.

ಕಾರ್ನಾಡರು ಅರಮನೆಯನ್ನು ಊರ ಮುಖ್ಯಸ್ಥನ ಮನೆಯಾಗಿಸಿದರು. ಆ ಪಾತ್ರವನ್ನು ತಾವೇ ವಹಿಸಿದರು. ಸೋನಾಲಿ ಕುಲಕರ್ಣಿ ಚೆಲುವಿಯಾದರು. ಮುಖ್ಯ ಪಲ್ಲಟವಿರುವುದು ಅಂತ್ಯದಲ್ಲಿ. ಜನಪದ ಪಾಠದಲ್ಲಿ ಗಂಡನು ಮುರಿದ ಕೊಂಬೆಗಳನ್ನು ಜೋಡಿಸಿ ನೀರೆರೆದಾಗ ಅವಳು ಪೂರ್ಣಳಾಗುತ್ತಾಳೆ. ಚಿತ್ರದಲ್ಲಿ ಈ ಜೋಡಣೆ ಕೈಗೂಡುವುದಿಲ್ಲ. ಹೆಣ್ಣಿನ ಗಾಯವೂ ಕಾಡಿನ ಗಾಯವೂ ಒಂದಾಗುತ್ತವೆ. ಪರಿಸರ ಸಂರಕ್ಷಣೆಯ ವಿಭಾಗದಲ್ಲಿ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ದೊರೆತದ್ದು ಈ ಓದನ್ನು ಬಲಪಡಿಸಿತು. ಆದರೆ ಪರಿಸರದ ನೆಲೆಯೊಂದನ್ನೇ ಹಿಡಿದರೆ, ಮನೆಯೊಳಗಿನ ಹಿಂಸೆಯನ್ನು ಹೆಸರಿಸುತ್ತಿದ್ದ ಹೆಣ್ಣಿನ ದನಿ ಮರೆಯಾಗುವ ಅಪಾಯವಿದೆ.

2006ರಲ್ಲಿ ಜಾನ್ ಆಡಮ್ಸ್ ಇದೇ ಕಥೆಯನ್ನು ವಿಯೆನ್ನಾದಲ್ಲಿ ಒಪೆರಾ ಆಗಿಸಿದರು. ಕಥೆ ಭಾಷೆ ದಾಟಿದಷ್ಟೂ ಅದರ ಕನ್ನಡ ನೆಲೆಯನ್ನು ಗುರುತಿಸುವ ಹೊಣೆ ನಮ್ಮದಾಗುತ್ತದೆ. ಆದ್ದರಿಂದ 'ಚೆಲುವಿ'ಯನ್ನು ಪರಭಾಷಾ ಚಿತ್ರವೆಂದು ಬದಿಗಿಡದೆ, ಕನ್ನಡ ಕಥೆಯ ಮತ್ತೊಂದು ಪಾಠವೆಂದು, ಮೌಖಿಕ ಪಾಠಗಳ ಜೊತೆಗಿಟ್ಟು ಓದುವುದು ಉಚಿತ. ಅಂತಹ ಓದಿಗೂ ಬೇಕಾದದ್ದು ಚಿಗುರು ನೋಯಿಸದ ಕೈಯೇ.