ಹುಣಸೆ ಮರದ ಹೆಜ್ಜಾರ್ಲೆ ಮತ್ತು ಮಾವನ ಮನೆ ಸುಗ್ಗಿ



"ಹೊಲ ಮನೆ ಕೆಲಸ ಮಾಡುವಾಗ ಯಾವ ಹಕ್ಕಿ, ಯಾವ ಪ್ರಾಣಿ ಕಂಡಿರಿ, ಯಾವ ತಿಂಗಳಲ್ಲಿ ಕಂಡಿರಿ, ಬರೆದುಕೊಂಡು ಬನ್ನಿ" ಎಂದು ವಿಜ್ಞಾನದ ಮೇಷ್ಟ್ರು ಹೇಳಿದ್ದರು. ನನ್ನ ಸೋದರಮಾವನ ಮನೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿದೆ. ಸಂಕ್ರಾಂತಿಗೂ ಬೇಸಿಗೆ ರಜೆಗೂ ಅಲ್ಲಿಗೆ ಹೋಗುತ್ತೇನೆ. ಕಣ್ಣಾರೆ ಕಂಡದ್ದನ್ನು, ದೊಡ್ಡವರನ್ನು ಕೇಳಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ಕೊಕ್ಕರೆ ಬೆಳ್ಳೂರು ಶಿಂಷಾ ನದಿಗೆ ಹತ್ತಿರದ ಊರು. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಬರುವವರು ರುದ್ರಾಕ್ಷಿಪುರದ ಹತ್ತಿರ ತಿರುಗಿ ಸುಮಾರು 12 ಕಿ.ಮೀ. ಒಳಗೆ ಹೋಗಬೇಕು. ಇದು ರಂಗನತಿಟ್ಟಿನ ಹಾಗೆ ಹೊಳೆ ಮಧ್ಯದ ನಡುಗಡ್ಡೆ ಅಲ್ಲ. ಮನೆಯ ಹಿತ್ತಿಲು, ಬೀದಿ, ಹೊಲದ ಬದು, ಎಲ್ಲೆಲ್ಲಿ ಹಳೆಯ ಹುಣಸೆ ಮರ ಇದೆಯೋ ಅಲ್ಲೇ ಗೂಡು. ಮರದ ಕೆಳಗೆ ಎಮ್ಮೆ ಮೆಲುಕು ಹಾಕುತ್ತಿದ್ದರೆ ಮೇಲೆ ಹಕ್ಕಿ ಮರಿಗಳು ಕಿರುಚುತ್ತಿರುತ್ತವೆ. ಮೊದಲ ದಿನ ನನಗೆ ನಿದ್ದೆಯೇ ಬರಲಿಲ್ಲ. ಆ ಊರಿನವರಿಗೆ ಅದು ಕಿವಿಗೇ ಬೀಳುವುದಿಲ್ಲ!

ಇಲ್ಲಿ ಮುಖ್ಯವಾಗಿ ಗೂಡು ಕಟ್ಟುವುದು ಎರಡು ಜಾತಿ. ಒಂದು ಹೆಜ್ಜಾರ್ಲೆ. ಬೂದು ಬಿಳಿ ಬಣ್ಣ, ಉದ್ದ ಕೊಕ್ಕು, ಕೊಕ್ಕಿನ ಕೆಳಗೆ ಚೀಲ. ಮರಿ ತನ್ನ ತಲೆಯನ್ನೇ ತಾಯಿಯ ಗಂಟಲೊಳಗೆ ತೂರಿಸಿ ಮೀನು ತಿನ್ನುತ್ತದೆ. ಮೊದಲು ನೋಡಿದಾಗ ತಾಯಿ ಮರಿಯನ್ನೇ ನುಂಗುತ್ತಿದೆ ಎಂದುಕೊಂಡಿದ್ದೆ. ಇನ್ನೊಂದು ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ. ಇದು ಮೀನನ್ನು ಗೂಡಿನೊಳಗೆ ಕಕ್ಕುತ್ತದೆ, ಮರಿಗಳು ಹೆಕ್ಕಿ ತಿನ್ನುತ್ತವೆ. ಉರಿಬಿಸಿಲಿನಲ್ಲಿ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಮಾಡಿಕೊಂಡು ನಿಂತಿರುತ್ತದೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಹಕ್ಕಿಗಳು ಸೈಬೀರಿಯಾದಿಂದ ಬರುತ್ತವೆ ಎಂದು ಬಹಳ ಜನ ಹೇಳುತ್ತಾರೆ, ನಾನೂ ಹಾಗೇ ನಂಬಿದ್ದೆ. ಅದು ಸರಿಯಲ್ಲ. ಇವು ನಮ್ಮ ದೇಶದವೇ. ಮಳೆಗಾಲದಲ್ಲಿ ಬೇರೆ ಬೇರೆ ಕೆರೆಗಳಿಗೆ ಚದುರಿ ಹೋಗಿ, ಮರಿ ಮಾಡುವ ಕಾಲಕ್ಕೆ ಮತ್ತೆ ಸೇರುತ್ತವೆ. ಆಂಧ್ರದ ತೇಲಿನೀಲಾಪುರಂ ಎಂಬ ಹಳ್ಳಿಯಲ್ಲೂ ಇವೇ ಎರಡು ಜಾತಿ ಊರೊಳಗಿನ ಮರಗಳ ಮೇಲೆ ಮರಿ ಮಾಡುತ್ತವಂತೆ.

ಈಗ ಕೆಲಸದ ವಿಷಯ. ರಾಗಿ ಕೊಯ್ದು ಮೆದೆ ಹಾಕಿ, ಕಣದ ಕೆಲಸ ನಡೆಯುವಾಗ, ಅಂದರೆ ಡಿಸೆಂಬರ್, ಜನವರಿ ಹೊತ್ತಿಗೆ, ಹಕ್ಕಿಗಳು ಗೂಡಿಗೆ ಕಡ್ಡಿ ತರುತ್ತಿರುತ್ತವೆ. ಮೊಟ್ಟೆ ಇಟ್ಟು ಕಾವು ಕೂತರೆ ಸುಮಾರು ಒಂದು ತಿಂಗಳು. ಮರಿ ದೊಡ್ಡದಾಗಿ ಹಾರುವುದಕ್ಕೆ ಬಣ್ಣದ ಕೊಕ್ಕರೆಗೆ ಸುಮಾರು ಎರಡು ತಿಂಗಳು ಬೇಕು, ಹೆಜ್ಜಾರ್ಲೆಗೆ ಇನ್ನೂ ಹೆಚ್ಚು. ಲೆಕ್ಕ ಹಾಕಿ ನೋಡಿ. ಶಿವರಾತ್ರಿಯಿಂದ ಯುಗಾದಿವರೆಗೆ ಮರದ ತುಂಬ ಮರಿ. ಹುಣಸೆ ಹಣ್ಣು ಬಡಿಯುವ ಕಾಲವೂ ಅದೇ!

ನಮ್ಮ ಮಳವಳ್ಳಿ ಕಡೆ ಹುಣಸೆ ಬಡಿಯುವುದನ್ನು ನೀವೆಲ್ಲ ನೋಡಿದ್ದೀರಿ. ಒಬ್ಬರು ಮರ ಹತ್ತಿ ಕೊಂಬೆ ಅಲ್ಲಾಡಿಸಿ ಗಳುವಿನಲ್ಲಿ ಬಡಿಯುತ್ತಾರೆ, ಕೆಳಗೆ ಹೆಂಗಸರು ಮಕ್ಕಳು ಆಯುತ್ತಾರೆ. ಆಮೇಲೆ ಜಗುಲಿ ಮೇಲೆ ಕೂತು ಕುಟ್ಟಿ, ಬೀಜ ತೆಗೆದು ಮಾರಿದರೆ ಒಂದು ಮರದಿಂದಲೇ ಹಬ್ಬದ ಖರ್ಚು ಕಳೆಯುತ್ತದೆ. ಗೂಡಿರುವ ಮರವನ್ನು ಹಾಗೆ ಬಡಿಯುವಂತಿಲ್ಲ. "ಬಡಿದ್ರೆ ಮರಿ ಬೀಳ್ತವೆ, ಬಡೀದೆ ಹೋದ್ರೆ ಹಣ್ಣು ಹಾಳಾಯ್ತದೆ. ಏನ್ ಮಾಡನ ಹೇಳು ಮಗ?" ಎಂದು ಮಾವ ನನ್ನನ್ನೇ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅಜ್ಜಿ ಮಾತ್ರ ಒಳಗಿನಿಂದಲೇ, "ತವರಿಗೆ ಬಾಣಂತನಕ್ಕೆ ಬಂದವ್ಳ ಮ್ಯಾಲೆ ಯಾರಾದ್ರೂ ಗಳು ಎತ್ತುತಾರೇನ್ಲಾ?" ಅಂದರು. ಆ ಊರಿನಲ್ಲಿ ಹಕ್ಕಿಗಳನ್ನು ಹೆರಿಗೆಗೆ ಬಂದ ಮನೆಮಗಳು ಎಂದೇ ಕರೆಯುತ್ತಾರೆ. ಮಾವ ಆ ವರ್ಷವೂ ಗೂಡಿಲ್ಲದ ಕೆಳಗಿನ ಕೊಂಬೆಗಳ ಹಣ್ಣನ್ನು ಮಾತ್ರ ಕೈಯಲ್ಲೇ ಬಿಡಿಸಿದರು.

ನಷ್ಟವೊಂದೇ ಅಲ್ಲ, ಲಾಭವೂ ಇದೆ. ಬೇಸಿಗೆಯಲ್ಲಿ ಕೆರೆಗೋಡು ತಂದು ಮರದ ಬುಡದಲ್ಲಿ ಹರಡುತ್ತಾರೆ. ಮೇಲಿನಿಂದ ಬೀಳುವ ಹಿಕ್ಕೆ ಅದರಲ್ಲಿ ಸೇರುತ್ತದೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಹೆಚ್ಚು. ಹಕ್ಕಿಗಳು ಮೇ, ಜೂನ್ ಹೊತ್ತಿಗೆ ಹೊರಟು ಹೋಗುತ್ತವೆ. ಮುಂಗಾರಿಗೆ ಮುಂಚೆ ಆ ಗೋಡನ್ನು ಅಗೆದು ಗದ್ದೆಗೆ ಏರುತ್ತಾರೆ. ಗಾಡಿಗೆ ತುಂಬುವಾಗ ನಾನೂ ಮಂಕರಿ ಹೊತ್ತಿದ್ದೇನೆ. ವಾಸನೆ ಎರಡು ದಿನ ಕೈ ಬಿಡಲಿಲ್ಲ.

ಇತಿಹಾಸ: ಹಿರಿಯರು ಹೇಳುವಂತೆ ಊರು ಮೊದಲು ಶಿಂಷಾ ದಡದಲ್ಲೇ ಇತ್ತು, 1916ರಲ್ಲಿ ಪ್ಲೇಗು ಬಂದಾಗ ಜನ ಈಗಿನ ಜಾಗಕ್ಕೆ ಬಂದರು, ಹಕ್ಕಿಗಳೂ ಹಿಂದೆಯೇ ಬಂದವು. ಹೊರಗಿನವರಿಗೆ ಈ ಊರನ್ನು 1976ರಲ್ಲಿ ಪರಿಚಯಿಸಿದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು. ಗೂಡಿರುವ ಮರದ ಒಡೆಯರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವುದು ಆಮೇಲೆ ಬಂತು. 1990ರ ದಶಕದಲ್ಲಿ ಊರಿನ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಕೆಳಗೆ ಬಿದ್ದ ಮರಿಗೆ ತಾಯಿ ಹಕ್ಕಿ ಊಟ ಕೊಡುವುದಿಲ್ಲ. ಬಳಗದವರು ಅಂಥ ಮರಿಗಳನ್ನು ಬೇಲಿಯೊಳಗೆ ಇಟ್ಟು ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುತ್ತಿದ್ದರು. 2007ರಲ್ಲಿ ಊರನ್ನು ಸಮುದಾಯ ಮೀಸಲು ಎಂದು ಘೋಷಿಸಲಾಯಿತು. 2017ರ ಕೊನೆಯಿಂದ ಕೆಲವು ತಿಂಗಳು ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ದುಂಡು ಹುಳುಗಳು ಸಿಕ್ಕವು. ಕೆರೆಯ ನೀರು, ಕೆರೆಯ ಮೀನು, ಮರದ ಮೇಲಿನ ಹಕ್ಕಿ ಬೇರೆ ಬೇರೆ ಅಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ತೈಲೂರು ಕೆರೆ, ಮದ್ದೂರು ಕೆರೆಗಳೇ ಇವುಗಳ ಊಟದ ಮನೆ.

ಮಧ್ಯದಲ್ಲಿ ಒಂದು ಮಾತು. ನಮ್ಮ ತಾಲ್ಲೂಕಿನ ಮುತ್ತತ್ತಿ ಕಡೆ ಕಾವೇರಿ ವನ್ಯಧಾಮದ ಅಂಚಿನ ಹಳ್ಳಿಗಳಲ್ಲಿ ರಾಗಿ ತೆನೆ ಬಲಿತರೆ ಆನೆ ಬರುತ್ತದೆ. ಅಲ್ಲಿಯವರು ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಪಟಾಕಿ ಹೊಡೆಯುತ್ತಾರೆ. ಅವರನ್ನು ತಪ್ಪು ಎನ್ನಲಾಗುವುದಿಲ್ಲ, ಆನೆಯ ಮುಂದೆ ಯಾರೇನು ಮಾಡಿಯಾರು! ಆದರೆ ಬೆಳ್ಳೂರಿನಲ್ಲಿ ಗೂಡಿರುವ ಕಾಲಕ್ಕೆ ಪಟಾಕಿ ಹೊಡೆಯಬಾರದು. ಸದ್ದಿಗೆ ದೊಡ್ಡ ಹಕ್ಕಿ ಗಾಬರಿಯಾಗಿ ಎದ್ದರೆ ಮೊಟ್ಟೆ ಉರುಳುತ್ತದೆ, ಕಾಗೆ, ಹದ್ದು ಕಾಯುತ್ತಲೇ ಇರುತ್ತವೆ.

ನೋಡುವವರು ಮರದ ಬುಡಕ್ಕೆ ಹೋಗಿ ಕತ್ತು ಎತ್ತಬೇಡಿ. ಮೈಮೇಲೆ ಏನು ಬೀಳುತ್ತದೆ ಎಂದು ಹೇಳಬೇಕಾಗಿಲ್ಲ. ದೂರದಲ್ಲಿ ಒಂದೇ ಜಾಗದಲ್ಲಿ ಕೂತು ನೋಡಿ. ನಾನು ಮೊದಲ ಸಲ ಮಾವನ ಮರದಲ್ಲಿ 11 ಗೂಡು ಎಣಿಸಿದೆ, ಸುತ್ತು ಹಾಕಿ ಎಣಿಸಿದಾಗ 14 ಆಯಿತು. ಎರಡು ಕಡೆಯಿಂದ ಕಂಡ ಗೂಡನ್ನು ಎರಡು ಸಲ ಲೆಕ್ಕ ಹಿಡಿದಿದ್ದೆ. ಬೆಳಿಗ್ಗೆ ಬಿಸಿಲೇರುವವರೆಗೆ ಕಾಯಿರಿ. ನೆಲ ಕಾದು ಬಿಸಿ ಗಾಳಿ ಮೇಲೇಳುವಾಗ ಹೆಜ್ಜಾರ್ಲೆಗಳು ರೆಕ್ಕೆ ಬಡಿಯದೆ ಸುತ್ತು ಸುತ್ತಿ ಮೇಲೇರಿ ಕೆರೆ ಕಡೆ ಹೋಗುತ್ತವೆ. ಗಾಳಿಯ ಪಾಠದಲ್ಲಿ ಓದಿದ್ದು ಆಕಾಶದಲ್ಲೇ ಕಾಣುತ್ತದೆ.

ಕೊನೆಗೆ ನನ್ನ ಚಿಂತೆ. ಮಾವನಿಗೂ ಚಿಕ್ಕಮಾವನಿಗೂ ಈಚೆಗೆ ಭಾಗವಾಯಿತು. ಹಿತ್ತಿಲ ಮರ ಚಿಕ್ಕಮಾವನ ಪಾಲಿಗೆ ಬಂತು. ಅವರು ಅಲ್ಲಿ ಮನೆ ಕಟ್ಟಬೇಕು ಅನ್ನುತ್ತಾರೆ, ಹುಣಸೆ ಸೌದೆಗೆ ಇಟ್ಟಿಗೆ ಗೂಡಿನವರು ಬಂದು ಬೆಲೆಯನ್ನೂ ಕೇಳಿ ಹೋಗಿದ್ದಾರೆ. ಅಜ್ಜಿ ಎರಡು ಹೊತ್ತು ಊಟ ಬಿಟ್ಟಿದ್ದಕ್ಕೆ, ಈ ಸಲ ಮರಿ ಹಾರುವವರೆಗೆ ಕೊಡಲಿ ಹಾಕುವುದಿಲ್ಲ ಎಂದು ಒಪ್ಪಿದ್ದಾರೆ. ಸಂಕ್ರಾಂತಿಗೆ ಹೋದಾಗ ಒಂದೇ ಜಾಗದಲ್ಲಿ ಕೂತು ಸರಿಯಾಗಿ ಗೂಡು ಎಣಿಸಿ, ಮುಂದಿನ ಸಂಚಿಕೆಗೆ ಬರೆದು ಕೊಡುತ್ತೇನೆ.